ಏಳು ದಿನದ ಟೂರಿನಲ್ಲಿ ಡ್ರೈವರ್ ಯಾವಾಗ ಮಲಗಬೇಕು?

ಆನವಟ್ಟಿಯಿಂದ ರಾಜಸ್ಥಾನದ ಉದಯಪುರಕ್ಕೆ ರಸ್ತೆ ಮೇಲೆ ಹೋದರೆ ಹೆಚ್ಚುಕಮ್ಮಿ ಒಂದೂವರೆ ಸಾವಿರ ಕಿ.ಮೀ. ಊಟ, ಟೀ, ಟೋಲ್ ಎಲ್ಲ ಸೇರಿಸಿ ಗಂಟೆಗೆ ಸರಾಸರಿ 50 ಕಿ.ಮೀ. ಹಿಡಿದರೂ 30 ಗಂಟೆ ಬೇಕು. ಮರುಭೂಮಿ ಇರುವುದು ಅಲ್ಲಿಂದ ಇನ್ನೂ ಮುಂದೆ. ಈ ಒಂದು ಲೆಕ್ಕ ನಮ್ಮ ಮೂರು ಮನೆಗಳ ಟೂರಿನ ಪ್ಲಾನನ್ನೇ ಬದಲಿಸಿತು.

ನಾವು ಒಟ್ಟು ಹನ್ನೊಂದು ಜನ. ಭತ್ತದ ಕೊಯ್ಲು, ಅಡಿಕೆ ಸುಲಿತ ಎಲ್ಲ ಮುಗಿಸಿ, ಸಂಕ್ರಾಂತಿ ಕಳೆದ ಮೇಲೆ ಒಂದು ವಾರ ಕೋಟೆ, ಹಳೇ ಪಟ್ಟಣ, ಮರಳುಗಾಡು ನೋಡಿ ಬರೋಣ ಅಂತ ಮಾತಾಯಿತು. ಮರಳುಗಾಡಿನ ಆಸೆ ಹುಟ್ಟಿಸಿದ್ದು ನಮ್ಮ ದೊಡ್ಡಮ್ಮ. "ನಮ್ ಕಡೆ ಊರಿಗೆ ಎರಡು ಮೂರು ಕೆರೆ ಅದಾವು. ನೀರೇ ಇಲ್ದಿದ್ ಊರಲ್ಲಿ ಜನ ಹೆಂಗ್ ಬದುಕ್ತಾರೆ ನೋಡ್ಬೇಕು" ಅಂದರು. ಸೊರಬ ತಾಲೂಕಿನಲ್ಲಿ ಕೆರೆ ಏರಿ ಮೇಲೇ ಓಡಾಡಿ ಬೆಳೆದವರ ಮಾತು ಅದು.

ಕೆಲವರು ನಕ್ಕರು. ಹಳೇ ಪಟ್ಟಣ ನೋಡಲು ಅಷ್ಟು ದೂರ ಯಾಕೆ? ಪಕ್ಕದ ಕುಬಟೂರಿನಲ್ಲಿ ಒಂಬೈನೂರು ವರ್ಷ ದಾಟಿದ ಕೈಟಭೇಶ್ವರ ದೇವಸ್ಥಾನವಿದೆ. ತಾಳಗುಂದದಲ್ಲಿ ಕದಂಬರ ಕಥೆ ಹೇಳುವ ಐದನೇ ಶತಮಾನದ ಕಂಬ ನಿಂತಿದೆ. ಬಳ್ಳಿಗಾವಿ, ಬನವಾಸಿ ಎರಡೂ ಹತ್ತಿರವೇ. ಮಾತು ನಿಜ. ಆದರೆ ಅವನ್ನೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಗೆ ಬರಬಹುದು. ಮರಳುಗಾಡಿಗೆ ಹಾಗೆ ಹೋಗಿ ಬರಲು ಆಗುವುದಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಬಂದ ಮೊದಲ ಪಟ್ಟಿ ಹೀಗಿತ್ತು: ನಮ್ಮೂರ ಹುಡುಗನ ಟಿಟಿ, ಒಬ್ಬನೇ ಡ್ರೈವರ್, ಶನಿವಾರ ಸಂಜೆ ಹೊರಟು ಮುಂದಿನ ಭಾನುವಾರ ವಾಪಸ್. ನಡುವೆ ಉದಯಪುರ, ಜೋಧಪುರ, ಜೈಸಲ್ಮೇರ್, ಜೈಪುರ. ರೂಮಿನ ಖರ್ಚು ಉಳಿಸಲು ನಾಲ್ಕು ರಾತ್ರಿ ಗಾಡಿಯಲ್ಲೇ ಪ್ರಯಾಣ. ನಾವು ಹನ್ನೊಂದು ಜನ ಸೀಟಿನಲ್ಲಿ ಒರಗಿ ನಿದ್ದೆ ಮಾಡಬಹುದು. ಸ್ಟೇರಿಂಗ್ ಹಿಡಿದವನು?

ಅವನನ್ನೇ ಕೇಳಿದೆವು. "ಎರಡು ರಾತ್ರಿ ನಿದ್ದೆ ಬಿಟ್ರೆ ಏನೂ ಆಗಲ್ಲ ಬಿಡಣ್ಣ, ತಿರುಪತಿ ಟ್ರಿಪ್ಪಲ್ಲಿ ಮಾಡಿಲ್ವಾ" ಅಂದ. ಗಾಡಿ ಮೇಲೆ ಸಾಲ ಇದೆ, ತಿಂಗಳ ಕಂತು ಇದೆ. ಒಂದು ವಾರದ ಬಾಡಿಗೆ ಸಿಕ್ಕರೆ ಅವನ ಎದೆಯ ಭಾರ ಕಡಿಮೆಯಾಗುತ್ತದೆ. ಅದಕ್ಕೇ ಅವನು ಆಗಲ್ಲ ಅನ್ನುವುದಿಲ್ಲ. ಬಾಡಿಗೆ ಬೇಕಾದವನ ಬಾಯಲ್ಲಿ ಆಗಲ್ಲ ಅನ್ನುವ ಮಾತು ಬರುವುದೇ ಇಲ್ಲ. ಆ ಮಾತನ್ನು ಟೂರಿಗೆ ಹೋಗುವವರೇ ಆಡಬೇಕು.

ಸುದ್ದಿ ಕಳಿಸುವ ಕೆಲಸದಲ್ಲಿ ಇರುವುದರಿಂದ ನಮಗೆ ಬೆಳಗಿನ ಜಾವದ ಫೋನ್ ಎಂದರೆ ಅಂಜಿಕೆ. 2024ರ ಜೂನ್ 28ರ ನಸುಕು ನಮ್ಮ ಜಿಲ್ಲೆಯಲ್ಲಿ ಯಾರಿಗೂ ಮರೆತಿಲ್ಲ. ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಯವರು ದೇವರ ದರ್ಶನ ಮುಗಿಸಿ ಟಿಟಿಯಲ್ಲಿ ಊರಿಗೆ ಮರಳುತ್ತಿದ್ದರು. ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಗಾಡಿ ಹಿಂದಿನಿಂದ ಗುದ್ದಿತು. 13 ಜನ ಹೋದರು. ಊರು ಇನ್ನು ಕೆಲವೇ ಗಂಟೆಯ ದಾರಿ ಇತ್ತು. ಅಲ್ಲಿ ತಪ್ಪು ಯಾರದು ಎಂದು ನಾವು ಇಲ್ಲಿ ಕೂತು ತೀರ್ಪು ಕೊಡುವುದಿಲ್ಲ. ಕತ್ತಲಲ್ಲಿ ನಿಂತ ಲಾರಿ, ಓಡುವ ಗಾಡಿ, ಒಳಗೆ ಮಲಗಿದ ಜನ: ಈ ಮೂರು ಸೇರುವ ಹೊತ್ತಿನಲ್ಲಿ ನಮ್ಮ ಗಾಡಿ ರಸ್ತೆ ಮೇಲೆ ಇರಬಾರದು ಎಂದಷ್ಟೇ ಗಟ್ಟಿ ಮಾಡಿಕೊಂಡೆವು.

ಕಾನೂನಿನಲ್ಲೂ ಇದಕ್ಕೆ ಲೆಕ್ಕ ಇದೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ಡ್ರೈವರ್ ಕೆಲಸ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಇತ್ತು. ದೂರದ ದಾರಿಗೆ ಅನುಮತಿ ಇದ್ದರೆ ದಿನಕ್ಕೆ 10 ಗಂಟೆವರೆಗೆ ಇತ್ತು. ಮೋಟಾರು ವಾಹನ ಕಾಯ್ದೆಯೂ ಬಾಡಿಗೆ ಗಾಡಿಗಳ ಡ್ರೈವರ್‌ಗಳಿಗೆ ಇದೇ ಅವಧಿಯನ್ನು ಹೇಳುತ್ತಿತ್ತು. ಈಗ ನಮ್ಮ 30 ಗಂಟೆಯನ್ನು 8ರಿಂದ ಭಾಗಿಸಿ ನೋಡಿ. ಹೋಗಲು ಸುಮಾರು ನಾಲ್ಕು ದಿನ, ಬರಲು ನಾಲ್ಕು ದಿನ. ಏಳು ದಿನದ ಟೂರಿನಲ್ಲಿ ಎಂಟು ದಿನ ದಾರಿಗೇ ಹೋಯಿತು! ಅಂದರೆ ನಿದ್ದೆ ಕದಿಯದೆ ಆ ಮೊದಲ ಪಟ್ಟಿಯಂತೆ ಹೋಗಿ ಬರಲು ಸಾಧ್ಯವೇ ಇರಲಿಲ್ಲ.

ಹಾಗಾಗಿ ದೂರವನ್ನು ರೈಲಿಗೆ ಬಿಟ್ಟೆವು. ಹುಬ್ಬಳ್ಳಿ ಮೇಲೆ ಜೋಧಪುರಕ್ಕೂ ರೈಲಿದೆ, ಅಜ್ಮೇರಿಗೂ ಇದೆ. ದಿನಾ ಇಲ್ಲ, ಅದಕ್ಕೇ ಮೊದಲು ರೈಲಿನ ವಾರ ನೋಡಿ ಆಮೇಲೆ ಟೂರಿನ ತಾರೀಖು ಹಾಕಬೇಕು. ಟಿಕೆಟ್ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಹೋಗುವಾಗ ಜೋಧಪುರದಲ್ಲಿ ಇಳಿಯುವುದು, ಬರುವಾಗ ಅಜ್ಮೇರಿನಲ್ಲಿ ಹತ್ತುವುದು, ನಡುವಿನ ಏಳು ದಿನಕ್ಕೆ ಅಲ್ಲಿನದೇ ಗಾಡಿ.

ನಾವು ಹಾಕಿಕೊಂಡ ದಾರಿ ಇದು. ಮೊದಲ ದಿನ ಜೋಧಪುರ. ರಾವ್ ಜೋಧಾ 1459ರಲ್ಲಿ ಕಟ್ಟಲು ಶುರುಮಾಡಿದ ಮೆಹ್ರಾನ್‌ಗಢ ಕೋಟೆ ಊರಿನ ತಲೆ ಮೇಲೇ ಇದೆ. ಎರಡನೇ ದಿನ ಜೈಸಲ್ಮೇರ್, ಸುಮಾರು 280 ಕಿ.ಮೀ. ಮೂರನೇ ದಿನ ಅಲ್ಲಿನ ಕೋಟೆ. 1156ರಲ್ಲಿ ಶುರುವಾದ ಈ ಕೋಟೆಯೊಳಗೆ ಇವತ್ತಿಗೂ ಜನ ಮನೆ ಮಾಡಿಕೊಂಡಿದ್ದಾರೆ. ಅವತ್ತೇ ಗಡಿಸರ್ ಕೆರೆ. ಮಳೆ ನೀರು ಹಿಡಿದು ಊರಿಗೆಲ್ಲ ಕುಡಿಸುತ್ತಿದ್ದ ಕೆರೆ ಅದು. ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಅಲ್ಲೇ ಸಿಗಬೇಕು. ಸಂಜೆ 40 ಕಿ.ಮೀ. ದೂರದ ಸಮ್ ಎಂಬಲ್ಲಿ ಮರಳ ದಿಬ್ಬ. ನಾಲ್ಕನೇ ದಿನ ಜೋಧಪುರಕ್ಕೆ ವಾಪಸ್. ಐದನೇ ದಿನ ರಾಣಕಪುರದ ಜೈನ ಬಸದಿ ನೋಡಿಕೊಂಡು ಉದಯಪುರ. ಆರನೇ ದಿನ ಅಲ್ಲೇ. ಏಳನೇ ದಿನ ಚಿತ್ತೋಡಗಢ ನೋಡಿ ಸಂಜೆಗೆ ಅಜ್ಮೇರ್. ಅತಿ ಉದ್ದದ ದಿನವೂ 300 ಕಿ.ಮೀ. ಆಸುಪಾಸಿನಲ್ಲೇ ನಿಲ್ಲುತ್ತದೆ.

ಜೈಪುರ ಬಿಟ್ಟೆವು. "ಜೈಪುರ ನೋಡ್ದೆ ರಾಜಸ್ಥಾನ ನೋಡಿದ್ವಿ ಅಂತ ಊರಲ್ಲಿ ಹೇಳೋದು ಹೆಂಗೆ?" ಅಂತ ಒಂದು ಮನೆಯಲ್ಲಿ ಎರಡು ದಿನ ಮುನಿಸು. ಅದನ್ನು ಸೇರಿಸಿದರೆ ಒಂದು ರಾತ್ರಿ ಗಾಡಿ ಓಡಬೇಕು. ಅಲ್ಲಿನ ಡ್ರೈವರ್‌ಗೂ ಹೆಂಡತಿ ಮಕ್ಕಳು ಇರುತ್ತಾರೆ ಅಂದ ಮೇಲೆ ಮಾತು ಮುಗಿಯಿತು.

ಈ ಲೆಕ್ಕದಲ್ಲಿ ನಷ್ಟವೂ ಇದೆ. ಹೋಗಿ ಬರುವ ರೈಲಿನ ದಿನ ಸೇರಿದರೆ ಏಳು ದಿನ ಹನ್ನೊಂದು ಆಗುತ್ತದೆ. ಅಷ್ಟು ದಿನ ದನ ನೋಡಿಕೊಳ್ಳಲು ಪಕ್ಕದ ಮನೆಯವರನ್ನು ಒಪ್ಪಿಸಬೇಕಾಯಿತು. ದೊಡ್ಡ ನಷ್ಟ ನಮ್ಮ ಟಿಟಿ ಹುಡುಗನದು. ಹುಬ್ಬಳ್ಳಿಗೆ ಬಿಡುವುದು, ಕರೆದುಕೊಂಡು ಬರುವುದು ಅವನಿಗೇ ಕೊಟ್ಟಿದ್ದೇವೆ. ಬೇಸಿಗೆ ರಜೆಯಲ್ಲಿ ಬಾದಾಮಿ, ವಿಜಯಪುರ, ಹಂಪಿ ಸುತ್ತುವ ಟ್ರಿಪ್ಪೂ ಅವನದೇ; ಹಗಲು ಓಟ, ರಾತ್ರಿ ಅವನಿಗೂ ರೂಮು. ಅಡ್ವಾನ್ಸ್ ಕೈಗೆ ಹಾಕಿದೆವು. ತೆಗೆದುಕೊಂಡ. ಮುಖ ಮಾತ್ರ ಪೂರ್ತಿ ಅರಳಲಿಲ್ಲ. ಒಂದು ವಾರದ ದೊಡ್ಡ ಬಾಡಿಗೆ ತಪ್ಪಿದ್ದು ತಪ್ಪಿದ್ದೇ.

ನಿಮ್ಮೂರಿನಿಂದ ಟೂರ್ ಹೊರಡುವುದಿದ್ದರೆ ಇಷ್ಟು ನೋಡಿಕೊಳ್ಳಿ. ಬಾಡಿಗೆ ಗಾಡಿಗೆ ಹಳದಿ ಬೋರ್ಡ್ ಇರಬೇಕು. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಏನಾದರೂ ಆದರೆ ವಿಮೆ ಕಂಪನಿ ತಕರಾರು ತೆಗೆಯಲು ಅದೇ ಸಾಕು. ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಫಿಟ್‌ನೆಸ್, ವಿಮೆ ಯಾವಾಗಿನವರೆಗೆ ಇದೆ ಎಂದು ಫೋನಿನಲ್ಲೇ ಕಾಣುತ್ತದೆ. ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ. ಲೆಕ್ಕ, ಡ್ರೈವರ್ ಬಾಟಾ ಎಷ್ಟು, ಟೋಲ್ ಮತ್ತು ಬೇರೆ ರಾಜ್ಯದ ತೆರಿಗೆ ಯಾರದು ಎಂದು ಮೊದಲೇ ಬರೆಸಿಕೊಳ್ಳಿ. ಮರಳುಗಾಡಿಗಾದರೆ ಸ್ವೆಟರ್ ಮರೆಯಬೇಡಿ. ಜನವರಿಯ ರಾತ್ರಿ ಅಲ್ಲಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು.

ಟೂರಿನ ಪಟ್ಟಿಯಲ್ಲಿ ನಾವು ಎಲ್ಲಿ ಮಲಗುತ್ತೇವೆ ಎಂದು ಬರೆದಿರುತ್ತೇವೆ. ಅದರ ಪಕ್ಕದಲ್ಲೇ ಡ್ರೈವರ್ ಎಲ್ಲಿ ಮಲಗುತ್ತಾನೆ, ಎಷ್ಟು ಹೊತ್ತು ಮಲಗುತ್ತಾನೆ ಎಂದು ಬರೆಯಿರಿ. ಆ ಜಾಗ ಖಾಲಿ ಉಳಿದರೆ ಪಟ್ಟಿಯಿಂದ ಒಂದು ಊರು ತೆಗೆದುಹಾಕಿ.