ಮಗಳ ಜತೆ ಹಾಡು ಕೇಳಲು ಹೋಗಿ

ಮೂವತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ 'ಶಬ್ದ' ಎಂಬ ಪಾಠ ಮಾಡುತ್ತ ಬಂದವನು ನಾನು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಎಂದು ಬೋರ್ಡಿನ ಮೇಲೆ ಬರೆದು ಬರೆದು ಎಷ್ಟು ಸೀಮೆಸುಣ್ಣ ಸವೆಸಿದ್ದೇನೋ. ಆದರೆ ಆ ಪಾಠ ನನಗೇ ಮನವರಿಕೆಯಾದದ್ದು 2024ರ ಶಿವರಾತ್ರಿಯಂದು, ಸಿಂಗಪುರದಲ್ಲಿ.

ಮಗಳು ಅಲ್ಲಿ ಕೆಲಸದಲ್ಲಿದ್ದಾಳೆ. ಹಬ್ಬದ ಜತೆಗೆ ಎರಡನೇ ಶನಿವಾರ, ಭಾನುವಾರ ಕೂಡಿ ಬಂದಿದ್ದರಿಂದ ನೋಡಿಕೊಂಡು ಬರೋಣವೆಂದು ಹೋದೆ. "ಅಪ್ಪಾ, ನನ್ನ ಫ್ರೆಂಡ್‌ಗೆ ಜ್ವರ. ಇವತ್ತು ಸಂಜೆ ಟೇಲರ್ ಸ್ವಿಫ್ಟ್ ಶೋಗೆ ನೀನೇ ಬಾ" ಎಂದಳು. ನನಗೆ ಗೊತ್ತಿದ್ದ ಟೇಲರು ನಮ್ಮೂರ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಿ ಹೊಲಿಯುವವನೊಬ್ಬನೇ!

ಈಕೆ ಅಮೆರಿಕದವಳು, 1989ರಲ್ಲಿ ಹುಟ್ಟಿದವಳು. ತನ್ನ ಪ್ರೀತಿ, ಜಗಳ, ಅಗಲಿಕೆಗಳನ್ನೇ ಹಾಡು ಕಟ್ಟಿ ಹಾಡುತ್ತಾಳೆ. 2023ರ ಮಾರ್ಚ್‌ನಿಂದ 2024ರ ಡಿಸೆಂಬರ್‌ವರೆಗೆ ನಡೆದ ಆ ಪ್ರವಾಸದಲ್ಲಿ ಒಟ್ಟು 149 ಕಾರ್ಯಕ್ರಮ. ಸಿಂಗಪುರದ್ದು ಆರು. ಭಾರತಕ್ಕೆ ಆಕೆ ಬರಲಿಲ್ಲವಾದ್ದರಿಂದ ನಮ್ಮ ಹುಡುಗ ಹುಡುಗಿಯರೇ ಅಲ್ಲಿಗೆ ಹಾರಿದ್ದರು.

ನಿಮಗೂ ಮಕ್ಕಳ ಜತೆ ಇಂಥ ಕಡೆ ಹೋಗುವ ಪ್ರಸಂಗ ಬರಬಹುದು. ಕೆಲವು ಸಂಗತಿ ತಿಳಿದಿರಲಿ. ಕುರ್ಚಿ ಇರುತ್ತದೆ, ಕೂರುವವರು ಇರುವುದಿಲ್ಲ. ಹಾಡು ನಲವತ್ತಕ್ಕೂ ಹೆಚ್ಚು, ಸಮಯ ಮೂರು ಗಂಟೆಗೂ ಮೀರಿ. ನನಗಂತೂ ಅದೇ ಶಿವರಾತ್ರಿಯ ಜಾಗರಣೆಯಾಯಿತು. ಎಲ್ಲರ ಕೈಯಲ್ಲೂ ಮಣಿ ಪೋಣಿಸಿದ ಪಟ್ಟಿಗಳು. ಗುರುತಿಲ್ಲದವರೂ ಪರಸ್ಪರ ಬದಲಾಯಿಸಿಕೊಳ್ಳುತ್ತಾರೆ. ಒಬ್ಬ ಹುಡುಗಿ "ಅಂಕಲ್" ಎಂದು ನನ್ನ ಕೈಗೂ ಒಂದು ತೊಡಿಸಿದಳು. ಬಾಗಿಲಲ್ಲಿ ಕೊಟ್ಟ ಇನ್ನೊಂದು ಪಟ್ಟಿಯ ದೀಪ ಹಾಡಿಗೆ ತಕ್ಕಂತೆ ತಾನಾಗಿ ಬಣ್ಣ ಬದಲಿಸುತ್ತದೆ. ಸದ್ದಿನ ಮಾತು ಕೇಳಲೇಬೇಡಿ. 2023ರ ಜುಲೈನಲ್ಲಿ ಸಿಯಾಟಲ್‌ನಲ್ಲಿ ಈಕೆಯ ಕಾರ್ಯಕ್ರಮದ ಅದುರುವಿಕೆ ಭೂಕಂಪಮಾಪಕದಲ್ಲೇ ದಾಖಲಾಗಿತ್ತು, 2.3 ಪ್ರಮಾಣದ ಕಂಪನಕ್ಕೆ ಸಮವಂತೆ. ನಾನು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ನಿಂತೆ.

ಅಲ್ಲಿನ ರಾಷ್ಟ್ರೀಯ ಕ್ರೀಡಾಂಗಣದ ಗುಮ್ಮಟ 310 ಮೀಟರ್ ಅಗಲದ್ದು. ಅಡಿಯಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ, ಎಲ್ಲರೂ ಹಾಡುವವರೇ. ಎದುರು ಗ್ಯಾಲರಿಯವರ ದನಿ ನಮ್ಮನ್ನು ಮುಟ್ಟುವಾಗ ಅರ್ಧ ಸೆಕೆಂಡಿಗೂ ಮಿಕ್ಕಿ ತಡ. ಇಷ್ಟು ಚೆಂದದ ಪ್ರಯೋಗವನ್ನು ನನ್ನ ವಿದ್ಯಾರ್ಥಿಗಳಿಗೆ ತೋರಿಸಲಾಗಲಿಲ್ಲವಲ್ಲ ಎಂದುಕೊಂಡೆ.

ನಡುವೆ ಆಕೆ ತನ್ನ ಅಜ್ಜಿ ಮಾರ್ಜರಿಯ ಮೇಲೆ ಕಟ್ಟಿದ ಹಾಡು ಬಂತು. ಅಜ್ಜಿ ಅಪೆರಾ ಗಾಯಕಿ, ಹಿಂದೆ ಸಿಂಗಪುರದಲ್ಲೇ ಸಂಸಾರ ಮಾಡಿದ್ದವರು; ಧ್ವನಿಮುದ್ರಣದಲ್ಲಿ ಅವರ ದನಿಯೂ ಇದೆ ಎಂದು ಮಗಳು ಹೇಳಿದಳು. ಸುತ್ತಲೂ ಮೊಬೈಲ್ ದೀಪಗಳು ಬೆಳಗಿದವು. ತಮ್ಮ ಮನೆಯ ಸಂಕಟವನ್ನು ಹೀಗೆ ಊರ ಮುಂದೆ ಹಾಡುವುದೇ ಎಂಬ ಅನುಮಾನ ನನಗಿತ್ತು. ಆಗ ಬೇಂದ್ರೆಯವರ ನೆನಪಾಯಿತು. ಮಗುವನ್ನು ಕಳೆದುಕೊಂಡ ದುಃಖದಲ್ಲಿ ಅವರು ಬರೆದುದನ್ನು ನಾವೆಲ್ಲ ನಮ್ಮದೇ ಎಂಬಂತೆ ಹಾಡಿಕೊಂಡಿಲ್ಲವೆ?

ಆಮೇಲೆ ಬಂದದ್ದು ಮುರಿದ ಪ್ರೀತಿಯ ಒಂದು ಉದ್ದದ ಹಾಡು. ಹತ್ತು ನಿಮಿಷದ್ದು. ಗಾಯಕಿ ಗಿಟಾರು ಹಿಡಿದು ಒಬ್ಬಳೇ ನಿಂತಿದ್ದಳು. ಪಕ್ಕದಲ್ಲಿ ಮಗಳು ಒಂದು ಪದವೂ ತಪ್ಪದೆ ಹಾಡುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳುತ್ತಲೂ ಇರಲಿಲ್ಲ.

ಎರಡು ವರ್ಷದ ಹಿಂದೆ ಅವಳ ನಿಶ್ಚಿತಾರ್ಥ ಮುರಿದಿತ್ತು. ಹುಡುಗ ಅವಳೇ ಮೆಚ್ಚಿದವನು. "ಹೋಗಲಿ ಬಿಡಮ್ಮಾ, ಆಗುವುದೆಲ್ಲ ಒಳ್ಳೆಯದಕ್ಕೇ" ಎಂದಿದ್ದೆ. ಮನೆಯಲ್ಲಿ ಆ ವಿಷಯ ಮತ್ತೆ ಎತ್ತಬಾರದೆಂದು ಕಟ್ಟಪ್ಪಣೆ ಮಾಡಿದವನೂ ನಾನೇ. ಅವಳೂ ಎತ್ತಲಿಲ್ಲ. ಮರೆತಿದ್ದಾಳೆ ಎಂದುಕೊಂಡಿದ್ದೆ.

ಅವಳ ಕಡೆಯ ಕಿವಿಯ ಹತ್ತಿ ತೆಗೆದೆ. ಹಾಡಿನ ಇಂಗ್ಲಿಷು ಅರ್ಧ ತಿಳಿಯಿತು. ಉಳಿದದ್ದು ಅವಳ ದನಿಯಲ್ಲೇ ತಿಳಿಯಿತು.

ಹಿಂದಿರುಗುವಾಗ ರೈಲಿನಲ್ಲಿ, "ಇನ್ನೂ ನೋವಾಗುತ್ತದೇನಮ್ಮಾ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದವಳು ಮಾತಾಡತೊಡಗಿದಳು. ಇಳಿಯುವ ಸ್ಟೇಷನ್ ಬರುವವರೆಗೂ ನಾನು ಬುದ್ಧಿ ಹೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎದುರು ಗ್ಯಾಲರಿಯ ದನಿ ಅರ್ಧ ಸೆಕೆಂಡಿನಲ್ಲಿ ಬಂದಿತ್ತು; ಮನೆಮಗಳದ್ದು ನನ್ನನ್ನು ಮುಟ್ಟಲು ಎರಡು ವರ್ಷ ಹಿಡಿಯಿತು.

ಇಂಥ ಕಡೆ ಹೋಗುವುದಾದರೆ ಹತ್ತಿ ಒಯ್ಯಿರಿ. ಮಕ್ಕಳು ನಿಂತ ಕಡೆಯ ಕಿವಿಗೆ ಮಾತ್ರ ಇಟ್ಟುಕೊಳ್ಳಬೇಡಿ.