ಶನಿವಾರದ ದಿನ ಧಾರವಾಡಕ್ಕೆ

ಕೋಗಿಲಬನ, ದಾಂಡೇಲಿ
ಮಂಗಳವಾರ

ಪ್ರಿಯ ಮಿತ್ರ,

ನಿನ್ನ ಪತ್ರ ಕೈಸೇರಿತು. ಕಾಡಿನಂಚಿನಲ್ಲಿ ಕುಳಿತು ಕರಡಚ್ಚು ತಿದ್ದುತ್ತಿರುವ ನನಗೆ ವಾರದ ಕೊನೆಯಲ್ಲಾದರೂ ಪಟ್ಟಣದ ಮುಖ ನೋಡಬೇಕೆಂಬ ಆಸೆಯಾಗುವುದಿಲ್ಲವೆ, ಆದರೆ ಅಲ್ಲಿಗೆ ಹೋಗುವ ಬಗೆ ಹೇಗೆ ಎಂದು ಕೇಳಿದ್ದೀಯೆ. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ: ಶನಿವಾರ ಬಂದಿತೆಂದರೆ ಪಟ್ಟಣಕ್ಕೆ ಹೋಗಬೇಕೆಂಬ ಆಸೆಯಲ್ಲ, ಇಲ್ಲಿಂದ ಕಾಲ್ತೆಗೆಯಲೇಬೇಕಾದ ಅನಿವಾರ್ಯವೇ ಒದಗುತ್ತದೆ. ಎರಡನೆಯ ಪ್ರಶ್ನೆಗೆ ಮಾತ್ರ ಈ ಪತ್ರದುದ್ದದ ಉತ್ತರ ಬೇಕು. ನೀನೂ ಒಮ್ಮೆ ಇಲ್ಲಿಗೆ ಬರುವ ಮಾತೆತ್ತಿರುವೆಯಾದ್ದರಿಂದ ಸಾವಧಾನವಾಗಿಯೇ ಬರೆಯುತ್ತೇನೆ.

ಕೋಗಿಲಬನವೆಂಬುದು ದಾಂಡೇಲಿಯ ಹೊರವಲಯದಲ್ಲಿ, ಕಾಳೀ ನದಿಯ ಸಮೀಪದಲ್ಲಿರುವ ಚಿಕ್ಕ ಊರು. ಸಾಗುವಾನಿಗಾಗಿಯೂ ಬಿದಿರಿಗಾಗಿಯೂ ಹೊರಗಿನವರು ಬರುತ್ತಿದ್ದ ಈ ಸೀಮೆಗೆ ಈಗ ಜನ ವಿಶ್ರಾಂತಿಗಾಗಿ ಬರುತ್ತಾರೆ. ಆದಕಾರಣ ಊರ ಸುತ್ತಲೂ ರೆಸಾರ್ಟುಗಳೂ ಹೋಮ್‌ಸ್ಟೇಗಳೂ ಎದ್ದುನಿಂತಿವೆ. ಅವುಗಳಲ್ಲೊಂದರ ಹಿಂಬದಿಯ ಕೋಣೆ ನನ್ನ ವಾಸಸ್ಥಾನ. ಸೋಮವಾರದಿಂದ ಗುರುವಾರದವರೆಗೆ ಇದು ಸಾಕ್ಷಾತ್ ಆಶ್ರಮ: ಬೆಳಗ್ಗೆ ದೊಡ್ಡ ಮಂಗಟ್ಟೆಗಳು ಅತ್ತಿಯ ಮರವನ್ನರಸಿ ಹಾರಿಬರುವಾಗ ಹಕ್ಕಿ ಕಣ್ಣಿಗೆ ಬೀಳುವುದಕ್ಕೆ ಮುಂಚೆಯೇ ಅದರ ರೆಕ್ಕೆಯ ಸದ್ದು ಕಿವಿಗೆ ಬೀಳುತ್ತದೆ, ಅಡುಗೆಯವನು ಬಿಡುವಾಗಿ ಬಂದು ಚಹಾ ಇಟ್ಟು ನಾಲ್ಕು ಮಾತಾಡಿ ಹೋಗುತ್ತಾನೆ, ಬಾಡಿಗೆಯೂ ನನ್ನಂತಹ ನಿವೃತ್ತ ಅಧ್ಯಾಪಕನ ಅಳವಿಗೆ ಮೀರಿದುದಲ್ಲ. ಶುಕ್ರವಾರ ರಾತ್ರಿಯಿಂದ ಈ ಸ್ಥಿತಿ ತಲೆಕೆಳಗಾಗುತ್ತದೆ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳ ಕಾರುಗಳು ಸಾಲಾಗಿ ಅಂಗಳಕ್ಕೆ ಬಂದು ಸೇರುತ್ತವೆ. ಮಾರನೆಯ ದಿನ ಕೃತಕ ಮಳೆಯ ಕೆಳಗೆ ಸಾಮೂಹಿಕ ನರ್ತನ, ಅದಕ್ಕೆ ಹಿಮ್ಮೇಳವಾಗಿ ಎದೆಗೂಡನ್ನು ಗುದ್ದುವ ಧ್ವನಿವರ್ಧಕ. ಮಂಗಟ್ಟೆಯ ರೆಕ್ಕೆಯ ಸದ್ದಿರಲಿ, ಎದುರಿಗೆ ಕುಳಿತವನ ಮಾತೂ ಕೇಳಿಸದು. ಅದರ ಮೇಲೆ ಆ ಎರಡು ರಾತ್ರಿಗಳ ಬಾಡಿಗೆಯೂ ಇಮ್ಮಡಿಯಾಗುತ್ತದೆಯಾದ್ದರಿಂದ, ನಾನು ಕೋಣೆಯನ್ನು ತೆರವು ಮಾಡಿ ಪೆಟ್ಟಿಗೆಯನ್ನು ವ್ಯವಸ್ಥಾಪಕರ ಸುಪರ್ದಿಗೆ ಒಪ್ಪಿಸಿ ಹೊರಡುವುದು ಉಭಯ ಪಕ್ಷಗಳಿಗೂ ಸಮ್ಮತವಾದ ಒಪ್ಪಂದ. ನಗರದವರು ಕಾಡಿಗೆ ಬರುವ ದಿನವೇ ನಾನು ಕಾಡಿನಿಂದ ನಗರಕ್ಕೆ ಹೋಗತಕ್ಕದ್ದು.

ಇಲ್ಲಿ ನೀನು ಒಂದು ಸೂಕ್ಷ್ಮವನ್ನು ಗಮನಿಸಬೇಕು. ದಾಂಡೇಲಿಯಿಂದ ಹಳಿಯಾಳದ ಮೇಲೆ ಧಾರವಾಡಕ್ಕೆ ಅರುವತ್ತು ಕಿಲೋಮೀಟರಿನೊಳಗಿನ ದಾರಿ. ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಕುಳಿತುಬಿಟ್ಟರೆ ಅದು ದೂರವೇ ಅಲ್ಲ. ದುರ್ಗಮವಾದುದು ಕೋಗಿಲಬನದ ಹೋಟೆಲಿನ ಬಾಗಿಲಿನಿಂದ ದಾಂಡೇಲಿಯ ಬಸ್ ನಿಲ್ದಾಣದವರೆಗಿನ ಕೆಲವೇ ಕಿಲೋಮೀಟರು. ಊರ ಹೊರಗೆ ಹೋಟೆಲು ಕಟ್ಟುವವರೆಲ್ಲರೂ, ಅತಿಥಿಯು ತನ್ನ ವಾಹನದಲ್ಲಿಯೇ ಬರುತ್ತಾನೆ, ಬಂದಮೇಲೆ ಹೊರಗೆ ಹೋಗಲಾರ ಎಂದು ಭಾವಿಸಿ ಕಟ್ಟುತ್ತಾರೆ. ವಾಹನವಿಲ್ಲದ ಮನುಷ್ಯನೊಬ್ಬ ಕೈಚೀಲ ಹಿಡಿದು ಕಾಲ್ನಡಿಗೆಯಲ್ಲಿ ಹೊರಬೀಳುವನೆಂಬ ಕಲ್ಪನೆ ಅವರಿಗಿಲ್ಲ. ವಾರದ ದಿನಗಳಲ್ಲಿ ಈ ಕೊರತೆಯನ್ನು ಊರೇ ತುಂಬಿಕೊಡುತ್ತದೆ. ಕಾಗದದ ಕಾರ್ಖಾನೆಯ ಪಾಳಿಗೆ ಹೋಗುವ ಬೈಕುಗಳು, ಶಾಲೆಯ ಮಕ್ಕಳನ್ನು ತುಂಬಿಕೊಂಡ ಆಟೋಗಳು, ಹಾಲಿನ ಗಾಡಿ, ಇವುಗಳಲ್ಲಿ ಯಾವುದಾದರೊಂದು ಮುದುಕನನ್ನು ಕಂಡು ನಿಲ್ಲಿಸದೆ ಹೋಗುವುದಿಲ್ಲ. ಶನಿವಾರ ಮಾತ್ರ ದಾಂಡೇಲಿಯ ಆಟೋಗಳೂ ಜೀಪುಗಳೂ ಬೆಳಗಿನಿಂದಲೇ ಪ್ರವಾಸಿಗರಿಗೆ ಮೀಸಲು. ಪರಿಚಯದ ಆಟೋದವನಿಗೆ ಫೋನು ಮಾಡಿದರೆ ಬಂದ ಉತ್ತರವನ್ನು ಯಥಾವತ್ತಾಗಿ ಬರೆಯುತ್ತೇನೆ: "ಇವತ್ತ ಶನಿವಾರ ಅಲ್ರೀ ಸರ? ಗಿರಾಕಿ ಬಂದಾರ, ಸಿಂಥೇರಿ, ಕವಳಾ, ಸೂಪಾ ಡ್ಯಾಮ್ ಎಲ್ಲಾ ತೋರಸಬೇಕು. ಸೋಮವಾರ ಆದ್ರ ಹೇಳ್ರಿ, ಕರದಲ್ಲೆ ಬರ್ತೀನಿ." ಅವನದೇನೂ ತಪ್ಪಿಲ್ಲ. ಇಡೀ ವಾರದ ಸಂಪಾದನೆಯನ್ನು ಎರಡು ದಿನಗಳಲ್ಲಿ ಮಾಡಿಕೊಳ್ಳಬೇಕಾದವನು ನನ್ನ ಐದು ಮೈಲಿಯೊಳಗಿನ ಬಾಡಿಗೆಗಾಗಿ ದಿನವನ್ನು ಹಾಳುಮಾಡಿಕೊಂಡಾನೆಯೆ?

ಈ ಗ್ರಂಥಿಯನ್ನು ಬಿಡಿಸಿದವನು ಅಡುಗೆಯವನು. ಶನಿವಾರ ಬೆಳಗ್ಗೆ ತರಕಾರಿ, ಕೋಳಿ, ಅಡುಗೆ ಅನಿಲಗಳನ್ನು ತರುವುದಕ್ಕಾಗಿ ರೆಸಾರ್ಟಿನ ಸಣ್ಣ ಸರಕುಗಾಡಿ ದಾಂಡೇಲಿಗೆ ಹೋಗುತ್ತದೆ. ಅದರಲ್ಲಿ ಚಾಲಕನ ಪಕ್ಕದ ಆಸನ ನನಗೆ ಸಂದಿತು. ಹಿಂದೆ ಬರಿದಾದ ಸಿಲಿಂಡರುಗಳು ಪ್ರತಿಯೊಂದು ತಗ್ಗಿಗೂ ಒಂದಕ್ಕೊಂದು ತಾಗಿ ದೇವಸ್ಥಾನದ ಗಂಟೆಯಂತೆ ಮೊಳಗುತ್ತಿರಲು, ತೊಡೆಯ ಮೇಲೆ ಖಾಲಿ ಮೊಟ್ಟೆಯ ತಟ್ಟೆಗಳನ್ನು ಆತುಕೊಂಡು, ಎದುರಿನಿಂದ ಬರುವ ಕಾರುಗಳ ಸಾಲಿಗೆ ಪದೇ ಪದೇ ರಸ್ತೆಯಂಚಿಗಿಳಿದು ದಾರಿ ಬಿಡುತ್ತ ನಾವು ಪಟ್ಟಣವನ್ನು ಪ್ರವೇಶಿಸುತ್ತೇವೆ. ಹತ್ತು ಕಾರುಗಳು ಒಳಗೆ ಬಂದರೆ ಹೊರಗೆ ಹೋಗುವ ಗಾಡಿ ನಮ್ಮದೊಂದೆ.

ದಾಂಡೇಲಿಯನ್ನು ಪ್ರವಾಸಿಗರು ಕಾಡೆಂದೇ ತಿಳಿದಿರುತ್ತಾರೆ; ವಾಸ್ತವವಾಗಿ ಇದು ಕಾರ್ಮಿಕರ ಊರು. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸಿನ ಸುತ್ತ ಬೆಳೆದ ಈ ಪಟ್ಟಣದಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು, ತೆಲುಗು, ಹಿಂದಿಗಳನ್ನು ಒಂದೇ ಚಹಾದಂಗಡಿಯಲ್ಲಿ ಕೇಳಬಹುದು. ಅದರ ಮರುವರ್ಷವೇ, ಎಂದರೆ 1956ರಲ್ಲಿ, ಇಲ್ಲಿನ ಅರಣ್ಯವನ್ನು ವನ್ಯಜೀವಿಧಾಮವೆಂದು ಸಾರಿದರು. ಬಿದಿರನ್ನರೆದು ಕಾಗದ ಮಾಡುವ ಕಾರ್ಖಾನೆ ಮತ್ತು ಆ ಬಿದಿರಿನ ಕಾಡನ್ನು ಕಾಪಾಡುವ ಶಾಸನ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಜನಿಸಿದ ಈ ವೈಚಿತ್ರ್ಯದ ಮೇಲೆ ನೀನು ಯಾವಾಗಲಾದರೂ ಒಂದು ಪ್ರಬಂಧ ಬರೆಯಬೇಕು. ಈ ಊರಿಗೆ ರೈಲೂ ಇತ್ತು. ಅಳ್ನಾವರದಿಂದ ಮರದ ಸಾಗಾಣಿಕೆಗಾಗಿ ಬ್ರಿಟಿಷರ ಕಾಲದಲ್ಲಿ ಹಾಕಿದ ಆ ಕವಲುದಾರಿಯಲ್ಲಿ ಬಹುಕಾಲದ ತರುವಾಯ 2019ರಲ್ಲಿ ಪ್ರಯಾಣಿಕರ ಗಾಡಿ ಮತ್ತೆ ಓಡಿ, ಜನ ಹರ್ಷಪಟ್ಟು ಮುಗಿಯುವಷ್ಟರಲ್ಲಿ ಮರುವರ್ಷದ ಮಹಾಮಾರಿಗೆ ಸಿಕ್ಕಿ ನಿಂತುಹೋಯಿತು. ನಿಲ್ದಾಣದ ಮಾತೆತ್ತಿದರೆ ಇಲ್ಲಿಯವರ ಧ್ವನಿಯಲ್ಲಿ ಇಂದಿಗೂ ಒಂದು ನೋವು ಸುಳಿಯುತ್ತದೆ.

ಬಸ್ಸಿನ ವಿಚಾರ. 2023ರ ಜೂನ್ 11ರಿಂದ ಸ್ತ್ರೀಯರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಗಿರುವುದು ನಿನಗೆ ಗೊತ್ತಷ್ಟೆ. ಶನಿವಾರದ ಧಾರವಾಡದ ಬಸ್ಸಿನಲ್ಲಿ ದುಡ್ಡು ಕೊಟ್ಟು ಚೀಟಿ ಪಡೆಯುವ ಅಲ್ಪಸಂಖ್ಯಾತರಲ್ಲಿ ನಾನೊಬ್ಬ. ಹುಬ್ಬಳ್ಳಿಯ ಸಿದ್ಧಾರೂಢರ ಮಠಕ್ಕೆ ಹೊರಟ ಅಜ್ಜಿಯರು, ಮಗಳ ಬಾಣಂತನಕ್ಕೆ ಸಾಮಾನು ಹೊತ್ತ ತಾಯಂದಿರು, ಆಸ್ಪತ್ರೆಯ ಕಡತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಹಿಡಿದವರು, ಇವರೆಲ್ಲರ ನಡುವೆ ಕಿಟಕಿಯ ಸ್ಥಳ ಸಿಕ್ಕುವುದು ಪೂರ್ವಜನ್ಮದ ಪುಣ್ಯ. ಜಿಲ್ಲೆಯ ಕೇಂದ್ರವಾದ ಕಾರವಾರ ಘಟ್ಟದ ಕೆಳಗೆ ಸಮುದ್ರತೀರದಲ್ಲಿದೆ. ಆದರೆ ಈ ಘಟ್ಟದ ಮೇಲಿನ ಸೀಮೆಯವರಿಗೆ ರೋಗ ಬಂದರೂ, ಮದುವೆಯ ಸೀರೆ ಬೇಕಾದರೂ, ಮಗ ಓದುವ ಹುಚ್ಚು ಹಿಡಿಸಿಕೊಂಡರೂ ಧಾರವಾಡ–ಹುಬ್ಬಳ್ಳಿಯೇ ಗತಿ. ವಿಶ್ವವಿದ್ಯಾಲಯವೂ ಅಲ್ಲಿಯೇ, 2008ರಿಂದ ಉಚ್ಚ ನ್ಯಾಯಾಲಯದ ಪೀಠವೂ ಅಲ್ಲಿಯೇ. ಕಂದಾಯದ ಕಾಗದಕ್ಕೆ ಪಶ್ಚಿಮಾಭಿಮುಖರಾಗಿ, ಉಳಿದ ಜೀವನಕ್ಕೆ ಪೂರ್ವಾಭಿಮುಖರಾಗಿ ಬದುಕುವ ಜನ ಇವರು.

ಹಳಿಯಾಳದವರೆಗೆ ಸಾಗುವಾನಿಯ ನೆರಳು ಇದ್ದೂ ಇಲ್ಲದಂತೆ ಜೊತೆಗೆ ಬರುತ್ತದೆ. ಅಲ್ಲಿ ಬಸ್ಸು ನಿಂತಾಗ ಸಿದ್ದಿ ಜನಾಂಗದ ಹೆಂಗಸರು ಬುಟ್ಟಿಗಳೊಡನೆ ಹತ್ತಿ, ಅಪ್ಪಟ ಉತ್ತರ ಕರ್ನಾಟಕದ ಕನ್ನಡದಲ್ಲಿ ಕಂಡಕ್ಟರನ ಮೀಸೆಯನ್ನು ಪರಿಹಾಸ್ಯ ಮಾಡಿದುದನ್ನು ಕೇಳಿ ಇಡೀ ಬಸ್ಸು ನಕ್ಕಿತು. ಅವರ ಪೂರ್ವಜರು ಆಫ್ರಿಕದಿಂದ ಪಶ್ಚಿಮ ತೀರಕ್ಕೆ ಬಂದವರು. ಇಂದು ಹಳಿಯಾಳ, ಮುಂಡಗೋಡ, ಯಲ್ಲಾಪುರಗಳ ಕಾಡುಹಳ್ಳಿಗಳಲ್ಲಿ ಬೇರುಬಿಟ್ಟಿದ್ದಾರೆ. ಹಳಿಯಾಳ ದಾಟಿದ ಮೇಲೆ ನೆಲ ನಿಧಾನವಾಗಿ ಏರುತ್ತದೆ, ಕಾಡು ಚದುರುತ್ತದೆ, ಕಬ್ಬಿನ ಗದ್ದೆಗಳೂ ಗೋವಿನಜೋಳದ ಹೊಲಗಳೂ ತೆರೆದುಕೊಳ್ಳುತ್ತವೆ. ಸಮುದ್ರಮಟ್ಟದಿಂದ ದಾಂಡೇಲಿ ಐನೂರು ಮೀಟರಿನೊಳಗೆ, ಧಾರವಾಡ ಏಳುನೂರಕ್ಕೂ ಮೇಲೆ, ಆದ್ದರಿಂದ ಬೆವರಿದ ಮೈಗೆ ಗಾಳಿ ತಂಪಾಗಿ ತಾಗುವುದರಿಂದಲೇ ಊರು ಬಂದಿತೆಂದು ತಿಳಿಯಬಹುದು.

ಧಾರವಾಡದಲ್ಲಿ ನನ್ನ ದಿನಚರಿ ಬಹುಮಟ್ಟಿಗೆ ಸ್ಥಿರವಾದುದು. ಭಾನುವಾರ ಅಂಗಡಿಗಳು ತೆರೆದಿರುವ ಭರವಸೆಯಿಲ್ಲವಾದ್ದರಿಂದ ಪುಸ್ತಕದ ಕೆಲಸ ಶನಿವಾರವೇ ಮುಗಿಯಬೇಕು. ಸುಭಾಸ ರಸ್ತೆಯಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟವಿದೆ. ಗಿರೀಶ ಕಾರ್ನಾಡರ ಮೊದಲ ನಾಟಕವೂ ಅಲ್ಲಿಂದಲೇ ಹೊರಬಂದುದು. ಆ ಮೆಟ್ಟಿಲುಗಳ ಮುಂದೆ ನಿಂತಾಗ, ದೊಡ್ಡ ನಗರವೆಂದರೆ ಗಗನಚುಂಬಿಗಳಲ್ಲ, ಒಂದು ಭಾಷೆಯ ಪುಸ್ತಕಗಳು ಅಚ್ಚಾಗುವ ಸ್ಥಳ ಎಂದು ನಾನು ಮೊಂಡುತನದಿಂದ ನಂಬಿರುವುದಕ್ಕೆ ಆಧಾರ ದೊರೆತಂತಾಗುತ್ತದೆ. ಸಂಜೆ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಯಾವುದಾದರೊಂದು ಉಪನ್ಯಾಸ. ಭಾಷಣ ನೀರಸವಾದರೂ ಸಭಿಕರು ಸರಸರು. ಮಾರನೆಯ ಬೆಳಗ್ಗೆ ಸಾಧನಕೇರಿಯ ದಂಡೆಯಲ್ಲಿ ಬೇಂದ್ರೆಯವರ ಮನೆಯ ಮುಂದಾಗಿ ತಿರುಗಾಟ, ಆಮೇಲೆ ಲೈನ್ ಬಜಾರಿನಲ್ಲಿ ಪೇಡೆಗಾಗಿ ಸರತಿ.

ಹುಬ್ಬಳ್ಳಿಗೆ ಹೋಗುವುದು ಈಗ ಬಲು ಸುಲಭ. ಎರಡು ನಗರಗಳಿಗೂ 1962ರಿಂದ ಮಹಾನಗರಪಾಲಿಕೆ ಒಂದೇ ಆದರೂ ನಡುವಿನ ಹಾದಿ ಬಹುಕಾಲ ಪ್ರಯಾಸದ್ದಾಗಿತ್ತು. 2018ರಿಂದ ‘ಚಿಗರಿ’ ಬಸ್ಸುಗಳು ತಮಗಾಗಿಯೇ ಮೀಸಲಾದ ಪಥದಲ್ಲಿ ಇಪ್ಪತ್ತೆರಡು ಕಿಲೋಮೀಟರನ್ನು ಓಡುತ್ತವೆ. ಹುಬ್ಬಳ್ಳಿಯ ರೈಲುನಿಲ್ದಾಣದ ಒಂದೂವರೆ ಕಿಲೋಮೀಟರು ಉದ್ದದ, ಜಗತ್ತಿನಲ್ಲಿಯೇ ದೀರ್ಘವೆನಿಸಿದ ಪ್ಲಾಟ್‌ಫಾರ್ಮನ್ನು ನೋಡಿ ಬಂದೆ. ನಡೆದರೆ ಕಾಲುನೋವು, ಬೇರೆ ವಿಶೇಷವಿಲ್ಲ.

ಮರಳುವ ಹಾದಿಯೇ ನಿಜವಾದ ಲಾಭ. ಭಾನುವಾರ ಇಳಿಹೊತ್ತಿನಲ್ಲಿ ಹಳಿಯಾಳದ ರಸ್ತೆಯ ಮೇಲೆ ಕಾಡಿನಿಂದ ಹಿಂದಿರುಗುವ ಕಾರುಗಳು ಒಂದರ ಹಿಂದೊಂದು ತೆವಳುತ್ತ, ಸುಂಕದ ಕಟ್ಟೆಯಲ್ಲಿ ನಿಂತ ಎತ್ತಿನ ಗಾಡಿಗಳ ಸಹನೆಯೂ ಇಲ್ಲದೆ ಹಾರ್ನು ಬಾರಿಸುತ್ತಿರುವಾಗ, ಎದುರು ದಿಕ್ಕಿನ ನಮ್ಮ ಬಸ್ಸು ನಿರಾತಂಕವಾಗಿ ದಾಂಡೇಲಿಯನ್ನು ಸೇರುತ್ತದೆ. ನಿಲ್ದಾಣದಲ್ಲಿ, ಎರಡು ದಿನಗಳ ದುಡಿಮೆ ಮುಗಿಸಿದ ಅದೇ ಆಟೋದವನು ತಾನಾಗಿಯೇ ಕರೆದು ಕೂರಿಸಿಕೊಳ್ಳುತ್ತಾನೆ. ಬಾಡಿಗೆಯಲ್ಲಿ ಚೌಕಾಸಿಯನ್ನೂ ಮಾಡುವುದಿಲ್ಲ. ಪೇಡೆಯ ಪೆಟ್ಟಿಗೆಯಲ್ಲಿ ಅವನಿಗೊಂದು ಪಾಲು, ಅಡುಗೆಯವನಿಗೊಂದು ಪಾಲು ನಿಶ್ಚಿತ.

ಇಷ್ಟೆಲ್ಲ ಬರೆದುದರ ಫಲಿತಾರ್ಥವಾಗಿ ನಿನಗೆ ನನ್ನ ವಿಜ್ಞಾಪನೆ ಇದು. ನೀನು ಬರುವುದಾದರೆ ಶನಿವಾರ ಕೋಗಿಲಬನಕ್ಕೆ ಬರಬೇಡ. ಮೈಸೂರಿನಿಂದ ರಾತ್ರಿಯ ರೈಲಿನಲ್ಲಿ ಹೊರಟು ಶನಿವಾರ ಬೆಳಗ್ಗೆ ಧಾರವಾಡದಲ್ಲಿ ಇಳಿ. ಮಧ್ಯಾಹ್ನದೊಳಗೆ ಸುಭಾಸ ರಸ್ತೆಯಲ್ಲಿ ನಾನು ನಿನ್ನನ್ನು ಕೂಡಿಕೊಳ್ಳುತ್ತೇನೆ, ಭಾನುವಾರ ಸಂಜೆಯ ಬಸ್ಸಿಗೆ ಇಬ್ಬರೂ ಇತ್ತ ಹೊರಡೋಣ. ಸೋಮವಾರದಿಂದ ಕಾಡೂ ನದಿಯೂ ನಮ್ಮವೇ, ಬಾಡಿಗೆಯೂ ಅರ್ಧ. ಹೊರಡುವ ದಿನವನ್ನು ಎರಡು ವಾರ ಮುಂಚಿತವಾಗಿ ತಿಳಿಸು. ಪಕ್ಕದ ಕೋಣೆಯನ್ನು ಹೇಳಿಡಬೇಕು.



ಇತಿ ನಿನ್ನ ಮಿತ್ರ