ಅಳವಿ, ಯೂರಿಯಾ ಮತ್ತು ನನ್ನದೊಂದು ಬಗ್

ಇಲ್ಲಿ ಬರೆಯದೆ ಬಹಳ ದಿನ ಆಯ್ತು. ಕಾರಣ ಆಫೀಸಲ್ಲ, ಅಳವಿ!

ಅಳವಿ ಗೊತ್ತಲ್ವಾ? ಬೆಲ್ಲ, ಕೊಬ್ಬರಿ ಹಾಕಿ ಬಾಣಂತಿಯರಿಗೆ ಉಂಡಿ ಕಟ್ಟಿ ಕೊಡ್ತಾರಲ್ಲ, ಆ ಕೆಂಪನೆ ಸಣ್ಣ ಕಾಳು. ನೆನೆಸಿದರೆ ಲೋಳೆ ಲೋಳೆ ಆಗುತ್ತೆ. ತಂಗಿಗೆ ಫೆಬ್ರವರಿಯಲ್ಲಿ ಚೊಚ್ಚಲ ಹೆರಿಗೆ. "ಅಪ್ಪನ ಹೊಲದ್ದೇ ಅಳವಿ ತಿನ್ನಿಸ್ತೀನಿ ನೋಡು" ಅಂತ ಫೋನಲ್ಲಿ ಮಾತು ಕೊಟ್ಟುಬಿಟ್ಟೆ.

ಅಪ್ಪ ಹೋದ ಮೇಲೆ ಕಮಲಾಪುರದ ಹೊಲ ಲಾವಣಿಗೆ ಹೋಗಿತ್ತು. ಬಾವಿ ಪಕ್ಕದ ಎರಡು ಗುಂಟೆ ಮಾತ್ರ ಉಳಿದಿತ್ತು. ಅದನ್ನೂ ಕೊಟ್ಟುಬಿಡೋಣ ಅಂತ ಅವ್ವನ ವಾದ. ನನಗೆ ಮನಸ್ಸಿಲ್ಲ. ವರ್ಕ್ ಫ್ರಮ್ ಹೋಮ್ ಅಂತ ಕಲಬುರಗಿಯಲ್ಲೇ ಇದ್ದೆ. ಶನಿವಾರ ಬೈಕ್ ಹತ್ತಿ ಹುಮನಾಬಾದ್ ರೋಡ್ ಹಿಡಿದರೆ ಆಯ್ತು. ನವೆಂಬರ್ ಮೊದಲ ವಾರ ಬಿತ್ತಿದೆ.

ಇಂಜಿನಿಯರ್ ಅಲ್ವೇ, ಎಕ್ಸೆಲ್ ಶೀಟು ರೆಡಿ ಮಾಡಿದೆ. ಎಲ್ಲೋ ಓದಿದ ಲೆಕ್ಕದಂತೆ 50 ಕೆಜಿ ಸಾರಜನಕ. ಯೂರಿಯಾದಲ್ಲಿ ಸಾರಜನಕ 46 ಪರ್ಸೆಂಟ್. ಎರಡು ಗುಂಟೆಗೆ ಸುಮಾರು ಐದೂವರೆ ಕೆಜಿ ಯೂರಿಯಾ ಅಂತ ಬಂತು. ಒಂದೇ ಸಲ ಎರಚಿ, ವಾರಕ್ಕೆ ಎರಡು ಸಲ ಮೋಟರು ಹಾಕಲು ಪಕ್ಕದ ಹೊಲದ ಕಾಕಾಗೆ ಹೇಳಿ ಬಂದೆ.

ಡಿಸೆಂಬರಿನಲ್ಲಿ ನೋಡಬೇಕಿತ್ತು ನೀವು... ಕಡು ಹಸಿರು, ದಟ್ಟ! ಫೋಟೋ ತೆಗೆದು ತಂಗಿಗೆ ಕಳಿಸಿದ್ದೇ ಕಳಿಸಿದ್ದು. ಕಾಕಾ ಮಾತ್ರ ನಕ್ಕರು. "ಏನ್ ತಮ್ಮಾ, ಕೆಂಪು ಬಾಳಿಗಿ ಹಾಕ್ದಂಗ ಅಳವಿಗಿ ಗೊಬ್ಬರ ಹಾಕೀದಿ? ಇದು ತಪ್ಪಲಾ ಕೊಡ್ತದ, ಕಾಳು ಕೊಡಂಗಿಲ್ಲ."

ಹಾಗೇ ಆಯ್ತು. ಗಿಡ ಎಳೆಯದಾಗೇ ಉಳಿಯಿತು, ಹೂವು ತಡವಾಯ್ತು. ಜನವರಿಯ ಒಂದು ಗಾಳಿಗೆ ಅರ್ಧ ಪಾತಿ ನೆಲಕ್ಕೆ ಮಲಗಿತು. ಬುಡದಲ್ಲಿ ಕೊಳೆ.

ಆ ರಾತ್ರಿ ಶೀಟು ತೆಗೆದು ಕೂತೆ. ಬಗ್ ಸಿಕ್ಕಿತು! ಆ 50 ಕೆಜಿ ಹೆಕ್ಟೇರಿನ ಲೆಕ್ಕ, ನಾನು ಎಕರೆ ಅಂತ ಹಿಡಿದಿದ್ದೆ. ಹೆಕ್ಟೇರು ಅಂದ್ರೆ ಸುಮಾರು ಎರಡೂವರೆ ಎಕರೆ. ಬೇಕಾಗಿದ್ದದ್ದು ಎರಡು ಕೆಜಿ ಚಿಲ್ಲರೆ, ಅದೂ ಬಿತ್ತುವಾಗ ಅರ್ಧ, ತಿಂಗಳ ಮೇಲೆ ಅರ್ಧ. ಮೇಲೆ ಎರಚಿದ ಯೂರಿಯಾ ಕ್ಷಾರದ ಕಪ್ಪು ಮಣ್ಣಲ್ಲಿ ಅಮೋನಿಯ ಆಗಿ ಗಾಳಿಗೂ ಹೋಗುತ್ತೆ, ಮಣ್ಣೊಳಗೆ ಮುಚ್ಚಬೇಕು. ಎರಿಭೂಮಿ ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತೆ. ನೀರು ನಿಂತರೆ ಬೇರಿಗೆ ಉಸಿರಿಲ್ಲ.

ಮರು ಶನಿವಾರ ಅವ್ವನೂ ಬಂದಳು. ಬಗ್ಗಿ ನಾಲ್ಕು ಬೆರಳು ಆಳದ ಮಣ್ಣು ತೆಗೆದು ಉಂಡೆ ಕಟ್ಟಿದಳು. "ಉಂಡಿ ಆತು ನೋಡು. ಇನ್ನ ನೀರ ಬ್ಯಾಡ. ನಿಮ್ಮಪ್ಪ ಹಿಂಗೇ ನೋಡ್ತಿದ್ದ." ಅಪ್ಪನ ಹೊಲದಲ್ಲಿ ಅಪ್ಪ ಏನು ಮಾಡ್ತಿದ್ದ ಅಂತ ಅಷ್ಟು ವರ್ಷ ನಾನು ಕೇಳೇ ಇರಲಿಲ್ಲ.

ಎದ್ದು ನಿಂತ ಗಿಡಗಳಿಂದ ಕೊನೆಗೆ ಸಿಕ್ಕಿದ್ದು ಎರಡು ಬೊಗಸೆ ಕಾಳು. ಉಳಿದದ್ದು ಸೂಪರ್ ಮಾರ್ಕೆಟ್‌ನಿಂದ ತಂದದ್ದು. ಅವ್ವ ಎರಡನ್ನೂ ಬೆರೆಸದೆ, ಮೊದಲ ಉಂಡಿ ನಮ್ಮ ಕಾಳಿನದ್ದೇ ಕಟ್ಟಿದಳು. ತಂಗಿ ತಿಂದು "ಸ್ವಲ್ಪ ಕಹಿ" ಅಂದಳು :-)

ಎರಡು ಗುಂಟೆ ಲಾವಣಿಗೆ ಕೊಡುವ ಮಾತು ಅವ್ವ ಮತ್ತೆ ಎತ್ತಿಲ್ಲ. ಮುಂದಿನ ಹಿಂಗಾರಿಗೆ ವರ್ಷನ್ ಎರಡು. ಶೀಟಿನಲ್ಲಿ ಹೊಸದೊಂದು ಕಾಲಂ ಸೇರಿಸಿದ್ದೇನೆ: "ಅವ್ವನ್ನ ಕೇಳಿದೆಯಾ?"